ಹಿಂದಿನ ವಾರ

"ಅಕ್ಕ, ನೀವು ಬರೆದ ಹೊಸ ಟೆಸ್ಟ್ ಫೇಲ್ ಆಗ್ತಿದೆ. ಆ ಸ್ಕ್ರೀನೇ ನಮ್ಮ ಆ್ಯಪ್‌ನಲ್ಲಿ ಇಲ್ವಲ್ಲ?"

ಕೇಳಿದವನು ಆಮೇಲಪ್ಪ. ಯಾವ ಕೆಲಸ ಹೇಳಿದರೂ 'ಆಮೇಲೆ ಮಾಡೋಣ' ಎನ್ನುತ್ತಿದ್ದುದಕ್ಕೆ ಆಫೀಸಿನವರು ಇಟ್ಟ ಹೆಸರು. ಬಸುರಿಯರ ಆ್ಯಪ್‌ಗೆ ಸ್ಕ್ರೀನುಗಳನ್ನು ಮಾಡುವವನು ಅವನು. ಬಟನ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಹೋಗುತ್ತದೆಯೇ ಎಂದು ತಾನಾಗಿಯೇ ಪರೀಕ್ಷಿಸುವ ಟೆಸ್ಟ್‌ಗಳನ್ನು ಬರೆಯುವವಳು ಈ ಅಕ್ಕ. ವಾರಕ್ಕೊಂದು ಸ್ಕ್ರೀನ್, ಮಗು ಈಗ ಯಾವ ಕಾಳಿನಷ್ಟು, ಯಾವ ಹಣ್ಣಿನಷ್ಟು ಎಂದು ತೋರಿಸುವ ಚಿತ್ರ.

"ಇಲ್ಲ ಅಂತಾನೇ ಬರೆದೆ ಕಣೋ. ಮಗು ಹೋಗ್ಬಿಟ್ರೆ ಈ ಆ್ಯಪ್‌ನಿಂದ ಹೊರಗೆ ಬರೋಕೆ ದಾರಿನೇ ಇಲ್ಲ. ಎಲ್ಲಿ ಒತ್ತಿದ್ರೂ ಮುಂದಿನ ವಾರ, ಇಲ್ಲಾ ಹಿಂದಿನ ವಾರ."

"ಅಂಥೋರು ಎಷ್ಟು ಜನ ಇರ್ತಾರೆ ಅಕ್ಕ, ಆಮೇಲೆ..." ಎಂದವನಿಗೆ ಥಟ್ಟನೆ ನೆನಪಾಯಿತು. ಅವನ ಮುಖ ಸಣ್ಣದಾಯಿತು. ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಹೋದವಳು ರಜೆ ಮುಗಿಸಿ ಬಂದದ್ದು ಮೊನ್ನೆಯಷ್ಟೇ. ಆ್ಯಪನ್ನು ಎಲ್ಲರಿಗಿಂತ ಮೊದಲು ತನ್ನ ಫೋನಿಗೆ ಹಾಕಿಕೊಂಡು, "ನನ್ನ ಮಗೂನೇ ನಿಮ್ಮೆಲ್ಲರ ಟೆಸ್ಟ್" ಎಂದು ನಕ್ಕವಳೂ ಅವಳೇ.

"ಫೋನಿಂದ ತೆಗೆದುಬಿಡಿ ಅಕ್ಕ."

"ತೆಗೆಯೋಕೆ ನೋಡ್ದೆ. ಕೈ ಬರ್ಲಿಲ್ಲ. ಇವತ್ತು ಬೆಳಿಗ್ಗೆನೂ ಹೇಳ್ತು, ಮಗು ಕಲ್ಲಂಗಡಿಯಷ್ಟಾಗಿದೆ ಅಂತ."

ಆಮೇಲಪ್ಪ ಆ ದಿನ ಊಟಕ್ಕೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಸ್ಕ್ರೀನ್ ಸಿದ್ಧವಾಗಿತ್ತು. ಚಿತ್ರವಿಲ್ಲ, ಸಮಾಧಾನದ ಮಾತೂ ಇಲ್ಲ. ಏನು ಬರೆಯಬೇಕೆಂದು ಅವನಿಗೆ ತೋಚಿರಲಿಲ್ಲ. 'ಇಲ್ಲಿಗೆ ನಿಲ್ಲಿಸಿ' ಎಂಬ ಬಟನ್ ಒಂದೇ, ಮೂಲೆಯಲ್ಲಿ ಎಲ್ಲ ಸ್ಕ್ರೀನುಗಳಲ್ಲೂ ಇರುವ ಬಾಣ. ಅವಳು ಟೆಸ್ಟ್ ಓಡಿಸಿದಳು. ಬೆಳಗಿನಿಂದ ಕೆಂಪಗಿದ್ದ ಸಾಲು ಹಸಿರಾಯಿತು.

"ಪಾಸ್ ಆಯ್ತು. ನಿಮ್ಮ ಫೋನಿಗೂ ಹಾಕಿದೀನಿ. ಒಂದ್ಸಲ ಒತ್ತಿ ನೋಡಿ ಅಕ್ಕ" ಎಂದು ಫೋನನ್ನು ಅವಳ ಕೈಗಿತ್ತ.

ಹೆಬ್ಬೆರಳು ಆ ಬಟನ್ ಮೇಲೆ ಹೋಗಿ ನಿಂತಿತು. ನಿಂತೇ ಇತ್ತು. ಬಳಿಕ ಮೆಲ್ಲಗೆ ಸರಿದು, ಹಿಂದಕ್ಕೆ ಹೋಗುವ ಬಾಣವನ್ನು ಒತ್ತಿತು. ಕಲ್ಲಂಗಡಿ ಬಂತು, ಅದರ ಹಿಂದೆ ಪಪ್ಪಾಯಿ. ಮತ್ತೆ ಒತ್ತಿದಳು, ಮತ್ತೆ ಮತ್ತೆ. ಮಾವು, ನಿಂಬೆ, ದ್ರಾಕ್ಷಿ. ಕೊನೆಗೆ ಎಳ್ಳುಕಾಳೊಂದು ಬಂದು ನಿಂತಿತು. ಅದರ ಹಿಂದೆ ಬೇರೆ ವಾರವಿರಲಿಲ್ಲ.

"ಹಿಂದಕ್ಕೆ ಹೋಗೋದು ಸರಿಯಾಗಿದೆ ಕಣೋ" ಎಂದಳು, ಫೋನಿನಿಂದ ಕಣ್ಣು ತೆಗೆಯದೆ. "ಅದರಲ್ಲಿ ಏನೂ ತೊಂದ್ರೆ ಇಲ್ಲ."