ಬುಟ್ಟಿಯಲ್ಲಿನ ಮೂರು ಕೆಂಪು ದೀಪಗಳು

ಜನರ ಮೈಯ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಿ ಇಪ್ಪತ್ತು ವರ್ಷವಾಗಿತ್ತು. ಯಾರಿಗೆ ಕಾಯಿಲೆ, ಯಾರಿಗಿಲ್ಲ ಎಂಬುದನ್ನು ಅದೇ ಹೇಳುತ್ತಿತ್ತು. ರಕ್ತ ಪರೀಕ್ಷಿಸುವ ಲೇಸರ್ ಚಿಪ್ ಅದರ ಮಾತಿಗೆ ಒಪ್ಪದಿದ್ದರೆ, ಅದನ್ನು ಕೆಟ್ಟದ್ದೆಂದು ಕಸದ ಬುಟ್ಟಿಗೆ ಹಾಕುವುದು ಪ್ರಯೋಗಾಲಯದಲ್ಲಿ ನಾಗವೇಣಿಯ ಕೆಲಸ. ಆ ಚಿಪ್‌ಗಳಿಗೆ ಬೆಳಕು ಸೂಸುವ ಹರಳು ಬೆಳೆಸುತ್ತಿದ್ದವಳೂ ಅವಳೇ.

ಅವತ್ತು ಎದುರಿಗೆ ಕೂತಿದ್ದವಳು ಅವಳ ಸ್ವಂತ ತಂಗಿ ಶಶಿರೇಖಾ. ಮುಖ ಬಿಳಿಚಿಕೊಂಡಿತ್ತು.

"ನಾಲ್ಕು ಮೆಟ್ಲು ಹತ್ತೋಕಾಗಲ್ಲ ಅಕ್ಕ. ಆಸ್ಪತ್ರೇಲಿ ಕೇಳಿದ್ರೆ, ಕಂಪ್ಯೂಟರಲ್ಲಿ ನಿಮಗೇನೂ ಇಲ್ಲ, ಹೋಗಿ ಅಂತಾರೆ."

ನಾಗವೇಣಿ ತಂಗಿಯ ರಕ್ತದ ಹನಿಯನ್ನು ಒಂದು ಚಿಪ್‌ನ ಮೇಲೆ ಬಿಟ್ಟಳು. ರೋಗವಿದ್ದರೆ ಮಾತ್ರ ಹೊತ್ತಿಕೊಳ್ಳುವ ಕೆಂಪು ಬೆಳಕು ಥಟ್ಟನೆ ಹೊತ್ತಿಕೊಂಡಿತು. ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ 'ಆರೋಗ್ಯವಂತೆ' ಎಂದೇ ಇತ್ತು. ಚಿಪ್ ಬುಟ್ಟಿಗೆ ಬಿತ್ತು. ಎರಡನೆಯದೂ ಕೆಂಪು, ಮೂರನೆಯದೂ ಕೆಂಪು, ಅವೂ ಬಿದ್ದವು. ನಾಲ್ಕನೆಯದು ಹೊತ್ತಿಕೊಳ್ಳಲೇ ಇಲ್ಲ. ಅದರ ತಂತಿ ಕಿತ್ತುಹೋಗಿದ್ದು ಅವಳ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೇನು, ಪರದೆಯ ಮಾತಿಗೆ ಹೊಂದಿತಲ್ಲ! ವರದಿ ತಾನಾಗಿಯೇ ಅಚ್ಚಾಗಿ ಹೊರಬಂತು.

"ಏನಂತೆ ಅಕ್ಕ?"

"ಏನೂ ಇಲ್ವಂತೆ."

ಶಶಿರೇಖಾ ಬಗ್ಗಿ ಬುಟ್ಟಿಯೊಳಗೆ ನೋಡಿದಳು. ಮೂರೂ ಇನ್ನೂ ಕೆಂಪಗೆ ಉರಿಯುತ್ತಿದ್ದವು.

"ಮತ್ತೆ ಇವು?"

"ಅವು ಕೆಟ್ಟಿರೋವು ಕಣೆ," ಎಂದಳು ನಾಗವೇಣಿ.

ಹದಿನೆಂಟು ವರ್ಷಗಳಿಂದ ಬಂದವರಿಗೆಲ್ಲ ಹೇಳಿ ಹೇಳಿ ರೂಢಿಯಾದ ಮಾತು ಅದು. ಎದುರಿಗಿರುವವಳು ಯಾರೆಂದು ನೆನಪಾಗುವ ಮೊದಲೇ ಬಾಯಿಂದ ಬಂದುಬಿಟ್ಟಿತ್ತು.