ತಗ್ಗಿದ ದನಿ

ರಕ್ತ ಸುರಿಯುತ್ತಿದ್ದ ಹಮಾಲಿಯ ಮುಖಕ್ಕೂ ತಿರುಗುತ್ತಿದ್ದ ಗರಗಸಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಅವನ ಕತ್ತು ಹಿಡಿದು ಒತ್ತುತ್ತಿದ್ದವನು ಮರದ ಮಿಲ್ಲಿನ ಮೇಸ್ತ್ರಿಯ ಸ್ವಂತ ಅಣ್ಣ. ಗರಗಸ ನಿಲ್ಲಿಸುವ ಸ್ವಿಚ್ಚು ಅಣ್ಣನ ಬೆನ್ನ ಹಿಂದಿತ್ತು. “ನನ್ನ ಕಾಲ ಮೇಲೆ ದಿಮ್ಮಿ ಬಿಡ್ತಾನಾ? ಇವನ ಮೂತಿ ಸೀಳ್ತೀನಿ,” ಎನ್ನುತ್ತಿದ್ದ.

ಹಿಂದಾದರೆ ಮೇಸ್ತ್ರಿ ಹಾರೆ ಎತ್ತಿಕೊಂಡೇ ನುಗ್ಗುತ್ತಿದ್ದ. ಆಳುಗಳ ಮೇಲೆ ಕೈಮಾಡುತ್ತಾನೆಂದೇ ಧಣಿ ಅವನನ್ನು ಸಿಟ್ಟು ಹಿಡಿತಕ್ಕೆ ತರುವ ತರಬೇತಿಗೆ ಕಳಿಸಿದ್ದರು. ಅಲ್ಲಿನ ಟೀಚರಮ್ಮ ಕಲಿಸಿದಂತೆ ಅವನು ಪಾದ ಊರಿದ, ಬಿಗಿದ ದವಡೆ ಸಡಿಲಿಸಿದ, ಉಸಿರನ್ನು ನಿಧಾನವಾಗಿ ಹೊರಬಿಟ್ಟ.

“ನೋಡ್ರೋ, ನಮ್ಮ ಮೇಸ್ತ್ರಿ ದುಡ್ಡು ಕೊಟ್ಟು ಉಸಿರಾಡೋದು ಕಲ್ತು ಬಂದಿದಾನೆ,” ಎಂದು ಅಣ್ಣ ನಕ್ಕ.

“ಅವನನ್ನ ಬಿಟ್ಟು ಇಲ್ಲಿ ಬಾ,” ಎಂದ ಮೇಸ್ತ್ರಿ, ತಗ್ಗಿದ ದನಿಯಲ್ಲಿ.

ಅಣ್ಣನ ಹಿಡಿತ ಕಳಚಿತು. ಹಮಾಲಿ ತೆವಳಿಕೊಂಡು ಆಚೆ ಬಿದ್ದ. ಅಣ್ಣ ಮಾತ್ರ ಗೋಡೆಯ ಬುಡದಲ್ಲಿ ಕುಕ್ಕರಿಸಿ, ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡ. ಬೆಲ್ಟು ಬಿಚ್ಚುವ ಮುಂಚೆ ಅಪ್ಪ ಚಿಕ್ಕಂದಿನಲ್ಲಿ ಈ ಅಣ್ಣತಮ್ಮಂದಿರಿಬ್ಬರನ್ನೂ ಕರೆಯುತ್ತಿದ್ದುದು ಇದೇ ‘ಇಲ್ಲಿ ಬಾ’ ಎಂಬ ಮಾತಿನಲ್ಲಿ, ಇದೇ ದನಿಯಲ್ಲಿ. ಅದು ಮೇಸ್ತ್ರಿಗೂ ಈಗ ನೆನಪಾಯಿತು.

“ಬೆಲ್ಟು ಬೇಡ ಅಪ್ಪಾ,” ಎಂದ ಅಣ್ಣ, ತಲೆ ಎತ್ತದೆ. “ಇನ್ಯಾವತ್ತೂ ಮಾಡಲ್ಲ.”