ಇಬ್ಬರೂ ನಿಲ್ಲಿಸಿದಾಗ

ಹಾಲಿನ ಕಂಪನಿಯೊಂದರ ಹುಣಸೂರು ಕಚೇರಿಯಲ್ಲಿ ಕೃಷ್ಣಕುಮಾರ್, ಹಳ್ಳಿ ಡೇರಿಗಳ ಹಾಲಿನ ಲೆಕ್ಕ ಇಡುವ ಸರ್ವರ್ ನಿಲ್ಲಿಸಿದ. ಹಳೆಯ ಡಿಸ್ಕಿನ ಫೈಲುಗಳನ್ನೆಲ್ಲ ಹೊಸದಕ್ಕೆ ನಕಲು ಮಾಡಲು ಹಚ್ಚಿ, ನಿಶ್ಚಿಂತೆಯಿಂದ ಕಾಫಿಗೆ ಎದ್ದ. ಇಲ್ಲಿನದು ನಿಂತರೆ ಎಚ್.ಡಿ. ಕೋಟೆಯ ಸರ್ವರ್ ನೋಡಿಕೊಳ್ಳುತ್ತದೆ. ಒಂದರಲ್ಲಿದ್ದದ್ದೆಲ್ಲ ಇನ್ನೊಂದರಲ್ಲೂ ಇರುತ್ತದೆ. ಕೋಟೆಯದನ್ನು ನೋಡಿಕೊಳ್ಳುವವಳು ಅವನ ಹೆಂಡತಿ ವನಿತಾ. ಅವಳೂ ಇವತ್ತೇ ಫೈಲುಗಳನ್ನು ಸಾಗಿಸಬೇಕಿತ್ತು, ಆದರೆ ಒಬ್ಬರಾದ ಮೇಲೆ ಒಬ್ಬರು. ಯಾರು ಮೊದಲು ಎಂದು ಮಾತಾಡಿಕೊಳ್ಳೋಣವೆಂದರೆ ಗಂಡ ಹೆಂಡಿರ ನಡುವೆ ಮಾತೇ ಇರಲಿಲ್ಲ. ತಾನೇ ಮೊದಲು ಎಂದು ಅವನೇ ತೀರ್ಮಾನಿಸಿದ್ದ.

ಮೊಬೈಲಿಗೆ ಅವಳ ಮೆಸೇಜು ಬಂದಿತ್ತು. ತೆರೆಯಲಿಲ್ಲ. ಭಾನುವಾರ ಸರಗೂರಿನಲ್ಲಿ ಅವಳ ತಂಗಿಯ ಮಗುವಿನ ನಾಮಕರಣವಿತ್ತು. ಬಂದೇ ಬರುತ್ತೇನೆಂದವನು ಕ್ರಿಕೆಟ್ ನೋಡುತ್ತ ಮನೆಯಲ್ಲೇ ಉಳಿದಿದ್ದ. ಬೈದು ಬರೆದಿರಬೇಕು, ಕಾಫಿ ಕುಡಿದು ಬೈಸಿಕೊಂಡರಾಯಿತು ಎಂದುಕೊಂಡ.

ಲೋಟ ಬಾಯಿಗಿಡುವಷ್ಟರಲ್ಲಿ ಕೆ.ಆರ್. ನಗರದ ಕಡೆಯ ಹಳ್ಳಿ ಡೇರಿಯಿಂದ, ಹಾಲು ಅಳೆದು ಬರೆದುಕೊಳ್ಳುವ ಶಿವರುದ್ರಮ್ಮನ ಫೋನು.

“ಕಂಪ್ಯೂಟ್ರು ಏನೂ ತಗೋತಿಲ್ಲ ಕಣಪ್ಪ. ಹಾಲು ತಂದೋರು ರಸ್ತೆಗಂಟ ನಿಂತವ್ರೆ. ಇಂಗೇ ಆದ್ರೆ ಹಾಲು ಒಡ್ದೋಯ್ತದೆ.”

“ಕೋಟೆ ಸರ್ವರ್ ನಡೀತಿರಬೇಕಲ್ಲಮ್ಮ...” ಎನ್ನುವಾಗಲೇ ಹೆಂಡತಿಯ ಮೆಸೇಜು ನೆನಪಾಗಿ ತೆರೆದ. ‘ನಾನು ಮೊದಲು ನಿಲ್ಲಿಸ್ತಿದೀನಿ. ನೀವು ನಿಲ್ಲಿಸಬೇಡಿ.’

ಕಾಫಿ ಅಲ್ಲೇ ಬಿಟ್ಟು ಓಡಿದ. ನಕಲನ್ನು ಅರ್ಧಕ್ಕೇ ತಡೆದ. ಸದ್ಯ, ಹಳೆಯ ಡಿಸ್ಕಿನಲ್ಲಿ ಎಲ್ಲವೂ ಇದ್ದ ಹಾಗೇ ಇತ್ತು. ಅಲ್ಲಿಂದಲೇ ಸರ್ವರ್ ಶುರು ಮಾಡಿದ. “ಊಂ, ಈಗ ತಗೋತು ಬುಡಪ್ಪ” ಎಂದು ಶಿವರುದ್ರಮ್ಮ ಹೇಳಿದ ಮೇಲೆಯೇ ಉಸಿರು ಬಿಟ್ಟದ್ದು.

ಹೆಂಡತಿಗೆ ಫೋನು ಮಾಡುವುದು ಅದಕ್ಕಿಂತ ಕಷ್ಟವಾಯಿತು. ಅವಳ ಕೆಲಸ ಮುಗಿಯುವ ಹೊತ್ತಿಗೆ ಧೈರ್ಯ ಮಾಡಿದ.

“ನಿಂದು ಶುರುವಾಯ್ತಾ?”

“ಆಯ್ತು. ತಾನು ನಿಂತಿದ್ದಾಗ ಏನೇನು ನಡೀತು ಅಂತ ಮೊದಲು ನಿಮ್ಮ ಸರ್ವರನ್ನ ಕೇಳಿ ತಿಳ್ಕೊಂಡಿತು. ಆಮೇಲೇ ಕೆಲಸಕ್ಕೆ ಕೂತಿದ್ದು. ಅದಕ್ಕಾದರೂ ಅಷ್ಟು ಬುದ್ಧಿ ಇದೆ.”

“ನಾಮಕರಣ ಹೇಗಾಯ್ತು?”

“ಚೆನ್ನಾಗೇ ಆಯ್ತು. ನಿಮ್ಮನ್ನ ಯಾರೂ ಕೇಳಲಿಲ್ಲ,” ಎಂದಳು ವನಿತಾ. “ತೊಟ್ಟಿಲಲ್ಲಿದ್ದ ಮಗು ಮಾತ್ರ ಒಂದೇ ಸಮ ಕೇಳ್ತಿತ್ತು, ದೊಡ್ಡಪ್ಪ ಎಲ್ಲಿ ಅಂತ.”